ಹೋಸಿನ ಮೇಲಿನ ಕೈ

ಮುಳ್ಳು ಅಲ್ಲಾಡಿತು, ಇಲ್ಲ, ಅಲ್ಲಾಡಿದ್ದು ಕಣ್ಣೇ ಇರಬೇಕು, ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿದೆ, ಏರಬಾರದೇ, ಕೆಂಪು ಗೆರೆ ಒಂದು ಸಲ ಮುಟ್ಟಿದರೂ ದೊಡ್ಡ ಮಗಳ ಹೊಟ್ಟೆ ತಣ್ಣಗಾಗುತ್ತಿತ್ತು — ಛೇ, ಕೈಲಿರುವ ಇಂಜಿನ್ನು ಕುದಿಯಲಿ ಎಂದು ಹಾರೈಸುವ ಮೆಕ್ಯಾನಿಕ್ಕು ಲೋಕದಲ್ಲಿ ತಾನೊಬ್ಬಳೇ ಇರಬೇಕು, ಗ್ಯಾರೇಜಿನಲ್ಲಿ ನಿಂತ ಕಾರಿನ ಸ್ಟೀರಿಂಗ್ ಹಿಂದೆ ಕೂತು ಆಕ್ಸಿಲರೇಟರ್ ಒತ್ತುವುದಷ್ಟೇ ಇವತ್ತು ಅವಳ ಪಾಲಿಗೆ ಬಂದ ಕೆಲಸ, ಎತ್ತಿದ ಬಾನೆಟ್ಟಿನ ಸಂದಿಯಲ್ಲಿ ಕಾಣುವುದು ಎರಡೇ ಕೈ, ರೇಡಿಯೇಟರಿನ ರಬ್ಬರ್ ಕೊಳವೆ, ಆ ಹೋಸಿನ ಮೇಲೆ ತಂಗಿಯದು, ಅದರ ಮೇಲೆ ಅಪ್ಪನದು. ಹಾಗೆ ಕೈ ಇಡಿಸಿ ಮೊದಲು ಕಲಿಸಿದ್ದು ಇವಳಿಗೆ, ಆಗ ತಂಗಿಗೆ ಮಾತೂ ತೊದಲು, ಕಣ್ಣು ಮುಚ್ಚು, ಒಳಗೆ ನೀರು ಓಡೋದು ಗೊತ್ತಾಗ್ತಿದೆಯಾ, ಹೂಂ ಅಪ್ಪಾ, ಮೀಟರ್ ಸುಳ್ಳು ಹೇಳಬಹುದು ಮಗಳೇ, ಹೋಸ್ ಹೇಳಲ್ಲ, ಆ ಒರಟು ಅಂಗೈ ತನ್ನೊಬ್ಬಳದೇ ಅಂದುಕೊಂಡಿದ್ದಳಲ್ಲ ಪೆದ್ದಿ, ರೇಸಿಗೆಂದು ಹಳೇ ಇಂಜಿನ್ನಿಗೆ ಬಲ ತುಂಬಿದ ಮೇಲೆ ಅದು ಕುದಿಯತೊಡಗಿದಾಗ ನೀರಿನ ಪಂಪು ಜೋರಾಗಿ ತಿರುಗಲಿ ಎಂದು ಅದರ ಬೆಲ್ಟಿನ ಗಾಲಿ ಬದಲಿಸಿ ಚಿಕ್ಕ ಪುಲ್ಲಿ ಹಾಕಿದವಳೂ ಇವಳೇ, ಜೋರಾಗಿ ತಿರುಗಿದರೆ ಜಾಸ್ತಿ ನೀರು, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಟ್ರಯಲ್ಲಿನಲ್ಲಿ ಬಾನೆಟ್ಟಿನಿಂದ ಆವಿ ಎದ್ದು ಕಾರನ್ನು ಹಗ್ಗ ಕಟ್ಟಿ ಎಳೆದು ತರಬೇಕಾಯಿತು, ಅಪ್ಪ ಬೈದಿದ್ದರೂ ಚೆನ್ನಾಗಿತ್ತು, ಬೈಯಲಿಲ್ಲ, ತಂಗಿಯ ಕಡೆ ತಿರುಗಿ ನೀನೇನಂತೀಯ ಪುಟ್ಟಿ ಎಂದರು, ಮೊನ್ನೆ ಮೊನ್ನೆ ಸ್ಪ್ಯಾನರ್ ಹಿಡಿದವಳನ್ನು! ಅಷ್ಟು ಜೋರಾಗಿ ತಿರುಗಿದ್ರೆ ಪಂಪ್ ನೀರನ್ನ ತಳ್ಳಲ್ಲ ಅಕ್ಕಾ, ಮಜ್ಜಿಗೆ ಥರ ಕಡೆಯುತ್ತೆ, ಬರೀ ನೊರೆ ಬರುತ್ತೆ, ಎಂದು ನಗುತ್ತಲೇ ಹೇಳಿ ದೊಡ್ಡ ಪುಲ್ಲಿ ಹಾಕಿದಳು, ಕುಹಕವಿಲ್ಲದ ನಗು, ಅದೇ ಇನ್ನೂ ಉರಿ, ಪಂಪು ನಿಧಾನವಾಯಿತು, ಮುಳ್ಳು ನಿಂತಿತು, ಭಾನುವಾರದ ರೇಸಿಗೆ ಇಂಜಿನ್ನು ಇನ್ನು ತಂಗಿಯದೇ, ಅಪ್ಪನೂ ತಂಗಿಯವರೇ.

ಇನ್ನೂ ಒತ್ತು, ಎನ್ನುತ್ತಾರೆ ಅಪ್ಪ, ಒತ್ತುತ್ತಾಳೆ, ಹೋಸು ಉಬ್ಬುತ್ತದೆ, ಮತ್ತೆ ಆ ಎರಡು ಕೈ, ಅವುಗಳ ಪಕ್ಕದಲ್ಲಿ ಏನೋ ಹೊಳೆಯಿತು — ಹೋಸನ್ನು ಪೈಪಿಗೆ ಬಿಗಿಯುವ ಕ್ಲಿಪ್ಪು, ಪೈಪಿನ ತುದಿಯ ಉಬ್ಬನ್ನು ದಾಟಿ ಹಿಂದೆ ಕೂರಬೇಕಾದ ಕ್ಲಿಪ್ಪು ಉಬ್ಬಿನ ಮೇಲೆಯೇ ಕೂತಿದೆ, ಹೋಸು ಜಾರುತ್ತಿದೆ, ಅವಸರದಲ್ಲಿ ಹಾಕಿದ್ದಾಳೆ ಪುಟ್ಟಿ, ಅಷ್ಟೂ ಗೊತ್ತಿಲ್ಲ ಹಾಗಾದರೆ, ಅಪ್ಪನೂ ನೋಡಿಲ್ಲ, ಮಗಳ ಮುಖ ನೋಡುವುದರಲ್ಲೇ ಮುಳುಗಿದ್ದಾರೆ, ಇನ್ನೊಂದು ಸಲ ಒತ್ತಿದರೆ ಕಿತ್ತು ಬರುತ್ತದೆ, ಬರಲಿ, ಅಪ್ಪನ ಕಣ್ಣೆದುರೇ ಬರಲಿ, ಅವಳ ಇಂಜಿನ್ನಿನಿಂದಲೂ ಆವಿ ಏಳಲಿ — ಆದರೆ ಒಳಗಿರುವುದು ಕುದಿನೀರು, ಕೆಳಗಿನ ಕೈ, ಅನ್ನ ಕಲಸಿ ತಾನೇ ತುತ್ತಿಟ್ಟು ಬೆಳೆಸಿದ ತಂಗಿಯ ಕೈ, ಅದರ ಮೇಲೆ ಆ ಅಂಗೈ, ಕಾಲು ಪೆಡಲ್ ಬಿಟ್ಟಿತು, ಬೆರಳು ಕೀ ತಿರುಗಿಸಿತು.

ಕೈ ತೆಗೀರಿ ಇಬ್ರೂ.

ಹೋಸು ತಣಿದ ಮೇಲೆ ಇವಳೇ ಕ್ಲಿಪ್ ಸಡಿಲಿಸಿದಳು, ಹಿಂದಕ್ಕೆ ತಳ್ಳಿದಳು, ಬಿಗಿ ಮಾಡಿದಳು, ತಂಗಿಯ ಮುಖ ಬಿಳಿಚಿಕೊಂಡಿತ್ತು, ಅಯ್ಯೋ ಅಕ್ಕಾ, ನೀನು ನೋಡದೇ ಇದ್ದಿದ್ರೆ, ಅಪ್ಪ ಮೊದಲು ಹಿಡಿದಿದ್ದು ಅವಳ ಭುಜವನ್ನೇ, ಹೆದರಬೇಡ ಪುಟ್ಟಿ, ಎಲ್ರಿಗೂ ಆಗುತ್ತೆ, ಆಮೇಲೆ ಇವಳತ್ತ ನೋಡದೆಯೇ, ಹೋಗಿ ಸ್ಟಾರ್ಟ್ ಮಾಡಮ್ಮ, ಹೋದಳು, ಕೂತಳು, ಕೀ ತಿರುಗಿಸಿದಳು, ಇಂಜಿನ್ನು ಗಂಟಲು ಸರಿಮಾಡಿಕೊಂಡು ಎದ್ದಿತು, ಮುಳ್ಳನ್ನು ನೋಡಬೇಕಿತ್ತು, ನೋಡಲಿಲ್ಲ, ಸಂದಿಯಲ್ಲಿ ಹೋಸು, ಹೋಸಿನ ಮೇಲೆ ತಂಗಿಯ ಕೈ, ಅದರ ಮೇಲೆ ಅಪ್ಪನ ಕೈ