ಹಾಳೆಯ ಮಡಿಕೆಯಲ್ಲಿದ್ದ ದಿನ

ಸ್ಟೀಲಿನ ಸ್ಕೇಲನ್ನು ಮಡಿಕೆಯೊಳಗೆ ತೂರಿಸಿ, ಉಸಿರು ಬಿಗಿಹಿಡಿದು, ಜ್ಯೋತ್ಸ್ನಾ ಒಂದೊಂದೇ ಹಾಳೆಯನ್ನು ಸೀಳುತ್ತಿದ್ದಳು. ಕೆನಡಾದ ಎಟೋಬಿಕೋಕಿನ ಆ ಗೋಡೌನಿನಲ್ಲಿ ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡುವುದು ಅವಳ ಕೆಲಸ. ನೌಕಾ ಇತಿಹಾಸದ ಸಂಗ್ರಹಾಲಯವೊಂದು ಕಳಿಸಿದ ಪೆಟ್ಟಿಗೆ ಅದು. ಒಳಗಿದ್ದದ್ದು ಯುದ್ಧಕಾಲದ ಜಪಾನಿ ಹಡಗೊಂದರ ದಿನವಹಿ. ತೆಳು ಹಾಳೆಗಳನ್ನು ನಡುವೆ ಮಡಿಸಿ, ಬಿಡಿ ಅಂಚುಗಳನ್ನು ಸೇರಿಸಿ ಹೊಲಿದಿದ್ದರು. ಮುಲ್ಕಿಯಲ್ಲಿ ಅಜ್ಜ ಪ್ರೆಸ್ಸಿನಿಂದ ತರುತ್ತಿದ್ದ ಯಕ್ಷಗಾನ ಪ್ರಸಂಗದ ಪುಸ್ತಕಗಳ ಹಾಳೆಗಳೂ ಹೀಗೇ ಕೂಡಿಕೊಂಡಿರುತ್ತಿದ್ದವು. ಬಿಡಿಸುವ ಕೆಲಸ ಮೊಮ್ಮಗಳದು. ಇದನ್ನೂ ಯಾರೋ ಬಿಡಿಸದೆ ಬಿಟ್ಟಿದ್ದಾರೆ ಎಂದುಕೊಂಡಳು. ಯಾರನ್ನೂ ಕೇಳಲಿಲ್ಲ. ಮಡಿಕೆಯ ಅಂಚು ಹಪ್ಪಳದಂತೆ ಉದುರಿತು, ಒರೆಸಿ ಎಸೆದಳು. ಹೊಲಿಗೆಯನ್ನೂ ಬಿಚ್ಚಿದ ಹಾಳೆಗಳು ಯಂತ್ರಕ್ಕೆ ಹಾಕುವ ಮೊದಲೇ ನೆಲಕ್ಕೆ ಹಾರಿದಾಗ ಸಿಕ್ಕಿದ ಹಾಗೆ ಜೋಡಿಸಿಟ್ಟಳು.

ಗುರುವಾರ ವಿಟ್ಬಿಯಿಂದ ನಕಾನೋ ಬಂದರು. ಜಪಾನಿ ಮೂಲದ ತೊಂಬತ್ತರ ಮುದುಕರು. ಆ ಹಳೆಯ ಕೈಬರಹ ಓದಬಲ್ಲವರೆಂದು ಸಂಗ್ರಹಾಲಯದವರು ಕರೆಸಿದ್ದರು. ಅವರು ಬಂದದ್ದು ಮಾತ್ರ ಅಣ್ಣನಿಗಾಗಿ. ಅಣ್ಣ ಆ ಹಡಗಿನಲ್ಲೇ ಸತ್ತದ್ದು; ಯಾವ ದಿನವೆಂದು ಮನೆಗೆ ಯಾರೂ ತಿಳಿಸಿರಲಿಲ್ಲ. ಆ ದಿನ ಗೊತ್ತಾಗದೆಯೇ ತಾಯಿಯೂ ಕಣ್ಣುಮುಚ್ಚಿದ್ದರು.

“ನಮ್ಮಲ್ಲಾದ್ರೆ ತಿಥಿ ಗೊತ್ತಿಲ್ದಿದ್ರೆ ಮಹಾಲಯ ಅಮಾವಾಸ್ಯೆಗೆ ತಳ್ಳಿಬಿಡ್ತೀವಿ,” ಎಂದ ಮೇಲ್ವಿಚಾರಕ ಹರ್ಷವರ್ಧನ್, ಮೈಸೂರಿನವನು. “ಇವ್ರು ಏನ್ ಮಾಡ್ತಾರೋ ಪಾಪ.”

ಮಧ್ಯಾಹ್ನದ ಹೊತ್ತಿಗೆ ಮುದುಕರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಸಿಕ್ಕಿದ,” ಎಂದರು ಇಂಗ್ಲಿಷಿನಲ್ಲಿ. “ಕೆನ್‌ಜಿ. ಜ್ವರವಂತೆ. ‘ಇಂದು ನಸುಕಿನಲ್ಲಿ ಸಮುದ್ರಕ್ಕೆ ಇಳಿಸಿದೆವು.’” ಅವರ ಕೈ ಹಾಳೆಯ ಅಂಚಿಗೆ ಸರಿಯಿತು. “ಇಂದು ಎಂದರೆ ಯಾವತ್ತು? ಇವರು ತಾರೀಖು ಬರೆಯುತ್ತಿದ್ದದ್ದು ಮಡಿಕೆಯ ಮೇಲೆ. ಮಡಿಕೆ ಎಲ್ಲಿ?”

ಹರ್ಷವರ್ಧನ್ ತಿರುಗಿ ನೋಡಿದ. “ಸೀಳಿದ್ಯಾ? ಅಯ್ಯೋ, ಯಾರಮ್ಮಾ ಹೇಳಿದ್ದು ನಿಂಗೆ?”

“ಪ್ರಸಂಗದ ಪುಸ್ತಕ ಹಾಗೇ ಬಿಡಿಸುದು ಸರ್, ಊರಲ್ಲಿ.”

“ಇದೇನ್ ಯಕ್ಷಗಾನಾನಾ?”

ಮೂವರೂ ಸೇರಿ ಅರ್ಧರ್ಧ ಹಾಳೆಗಳನ್ನೆಲ್ಲ ಮೇಜುಗಳ ಮೇಲೆ ಹರವಿದರು. ಇಂದು ಬಿರುಗಾಳಿ. ಇಂದು ಅಕ್ಕಿ ಕಡಿಮೆ. ಇಂದು ಇಬ್ಬರಿಗೆ ಜ್ವರ. ಹಿಂದಿನದು ಯಾವುದು, ಮುಂದಿನದು ಯಾವುದು ಎಂದು ಹೇಳುವ ಅಂಚು ಒಂದಕ್ಕೂ ಉಳಿದಿರಲಿಲ್ಲ. ಕಂಪ್ಯೂಟರಿನಲ್ಲಿದ್ದದ್ದೂ ಸೀಳಿದ ಮೇಲಿನ ಚಿತ್ರಗಳೇ. ಕಸ ಸೋಮವಾರವೇ ಹೋಗಿತ್ತು.

ನಕಾನೋ ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವರು ಬೈಯಲಿಲ್ಲ. ಕೋಟು ಹಾಕಿಕೊಂಡು, ಗುಂಡಿ ಹಾಕಲಾಗದೆ ಬಿಟ್ಟು, ಅವಳ ಎದುರಿಗೆ ಬಂದು ನಿಂತರು.

“ಆ ಮಡಿಕೆಗಳನ್ನು ಕೊನೆಗೆ ಕಂಡವಳು ನೀನು. ನೀನೇ ಒಂದು ದಿನ ಹೇಳು. ಅದನ್ನೇ ಅವನ ದಿನವೆಂದು ಇಟ್ಟುಕೊಳ್ಳುತ್ತೇನೆ.”

ಹರ್ಷವರ್ಧನ್ ನೆಲ ನೋಡಿದ. ಜ್ಯೋತ್ಸ್ನಾ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟಳು.

“ಯಾವುದಾದರೂ ಸರಿ,” ಎಂದರು ಮುದುಕರು. “ಒಂದು ದಿನ ಹೇಳು.”