ಪರಸವ್ವನ ಪಾಲಿನ ಕಮಿಷನ್

ಘೋಣಸಗಿಗೆ ಪಾರ್ಸಲ್ ಬರುವುದಿಲ್ಲ. ಟಿಕೋಟಾದ ತನಕ ಬರುತ್ತದೆ, ಅಲ್ಲಿಂದ ಪಾರ್ಸಲ್ಲಿನವ ಫೋನು ಮಾಡುತ್ತಾನೆ. "ಬಂದ ಒಯ್ರಿ, ಅರ್ಧಾ ತಾಸು ಇರತೇನಿ" ಎನ್ನುತ್ತಾನೆ. ಹೊಲದಲ್ಲಿದ್ದವರು ಕೈಕಾಲು ತೊಳೆದುಕೊಂಡು ಓಡುವಷ್ಟರಲ್ಲಿ ಅವನು ಇರುವುದಿಲ್ಲ. ಮರುದಿನ ಫೋನು ತೆರೆದರೆ 'ಗ್ರಾಹಕರು ಸಿಗಲಿಲ್ಲ' ಎಂದು ಬಂದಿರುತ್ತದೆ. ಸಿಗದೆ ಹೋದವರು ಯಾರು ಎಂದು ಕೇಳುವವರಿಲ್ಲ.

ಈ ತಾಪತ್ರಯಕ್ಕೆ ಊರಿನ ಹೆಣ್ಣುಮಕ್ಕಳು ತಾವೇ ಒಂದು ದಾರಿ ಕಂಡುಕೊಂಡಿದ್ದರು. ಸೀರೆ ಬೇಕಾಗಲಿ, ಕುಕ್ಕರ್ ಬೇಕಾಗಲಿ, ನೇರ ರಾಜೇಶ್ವರಿಯ ಮನೆಗೆ ಬರುವುದು. ರಾಜೇಶ್ವರಿ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು, ಪಿಯುಸಿ ಓದಿದವಳು. ಅವಳ ಗಂಡ ಬಸಗೊಂಡಪ್ಪ ಒಣದ್ರಾಕ್ಷಿ ವ್ಯಾಪಾರಕ್ಕೆಂದು ದಿನಾ ಟಿಕೋಟಾಕ್ಕೆ ಹೋಗುವವನು, ಬರುವಾಗ ಪಾರ್ಸಲ್ ತರುತ್ತಿದ್ದ. "ನೀನ ಹಾಕ ಯವ್ವಾ, ನಮಗೇನ ತಿಳಿತೈತಿ" ಎಂದು ರೊಕ್ಕ ಕೈಗಿಟ್ಟು ಹೋಗುವರು. ಅವಳು ತನ್ನ ಫೋನಿನಿಂದ ಆರ್ಡರ್ ಹಾಕುವಳು.

ಹೀಗಿರುವಾಗ ಆ ಆನ್‌ಲೈನ್ ಅಂಗಡಿಯ ಸೈಟುಗಳೇ ಲಿಂಕ್ ಕೊಡುತ್ತವೆಂಬುದು ರಾಜೇಶ್ವರಿಗೆ ಗೊತ್ತಾಯಿತು. ನಮ್ಮ ಹೆಸರಿಗೊಂದು ಲಿಂಕ್. ಅದನ್ನು ನಾಲ್ಕು ಜನರಿಗೆ ಕಳಿಸಬೇಕು. ಅದನ್ನು ಒತ್ತಿ ಯಾರಾದರೂ ಸಾಮಾನು ಕೊಂಡರೆ ನೂರಕ್ಕೆ ಇಷ್ಟೆಂದು ನಮಗೆ ಕಮಿಷನ್. ಇದರಲ್ಲಿ ಮೋಸವೇನಿಲ್ಲ, ದುಡಿಮೆಯೇ. ರಾಜೇಶ್ವರಿ ನಾಲ್ಕು ಸೈಟಿನಲ್ಲಿ ಹೆಸರು ಹಚ್ಚಿದಳು. ಸೀರೆಯದೊಂದು, ಪಾತ್ರೆಯದೊಂದು, ಮಕ್ಕಳ ಬ್ಯಾಗಿನದೊಂದು, ಸೋಪು ಪೌಡರಿನದೊಂದು.

ಆದರೆ ನಾಲ್ಕು ಮಂದಿಯ ಮನೆಗೆ ಹೋಗಿ ಮಾತಾಡುವವರು ಬೇಕಲ್ಲ? ಅದಕ್ಕೆ ಪರಸವ್ವ ಸಿಕ್ಕಳು. ಪರಸವ್ವ ಅದೇ ಊರಿನವಳು, ಖಣ ಮಾರುವವಳು. ಗಂಡ ತೀರಿಕೊಂಡ ಮೇಲೆ ಹದಿಮೂರು ವರ್ಷದಿಂದ ಕುಪ್ಪಸದ ಖಣದ ಗಂಟು ಹೊತ್ತು ಬಬಲೇಶ್ವರದ ಓಣಿ ಓಣಿ ತಿರುಗಿದವಳು. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಬಸುರಿಯ ಕುಬಸ, ಎಲ್ಲ ಅವಳ ಬಾಯಲ್ಲಿ. ಅವಳು ಹೇಳಿದ ನಂಬರಿಗೆ ರಾಜೇಶ್ವರಿ ಲಿಂಕ್ ಕಳಿಸುವಳು. ಬಬಲೇಶ್ವರದ ಸೊಸೆಯಂದಿರು ತಮ್ಮ ಫೋನಿನಲ್ಲಿ ಸೀರೆ ನೋಡುವರು, ಆರಿಸುವರು. ಕೊನೆಗೆ ಮಾತ್ರ, "ಯಕ್ಕಾ, ರೊಕ್ಕಾ ನಿನ್ನ ಕೈಯಾಗ ಕೊಡತೀವಿ, ನೀನ ಹಾಕಿಸಿ ತಂದುಕೊಡು" ಎನ್ನುವರು. ಪರಸವ್ವ ಫೋನು ಮಾಡುವಳು, ರಾಜೇಶ್ವರಿ ಅದೇ ಲಿಂಕ್ ಒತ್ತಿ ಆರ್ಡರ್ ಹಾಕುವಳು. ಬಂದ ಕಮಿಷನ್ನಿನಲ್ಲಿ ಇಬ್ಬರಿಗೂ ಅರ್ಧರ್ಧ ಎಂದು ಮಾತಾಗಿತ್ತು.

ಎಂಟು ತಿಂಗಳು ಕಳೆಯಿತು. ನಾಲ್ಕೂ ಸೈಟು ತೆರೆದು, ಪ್ರತಿಯೊಂದರಲ್ಲಿ ಕಂಡ ಅಂಕಿಯನ್ನು ರಾಜೇಶ್ವರಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದು ಕೂಡಿಸಿದಳು. ಹದಿನೆಂಟು ಸಾವಿರದ ನಾನೂರು. ಅವಳ ಎದೆ ಹಿಗ್ಗಿತು. ತನ್ನ ದುಡಿಮೆಯೆಂದು ಅಷ್ಟು ದೊಡ್ಡ ಅಂಕಿಯನ್ನು ಅವಳು ಅದುವರೆಗೆ ಬರೆದವಳಲ್ಲ.

ಆ ತಿಂಗಳ ಹತ್ತನೆಯ ತಾರೀಖು ಸಂಘಕ್ಕೆ ಮೃಣಾಲ ಬಂದಳು. ಮೃಣಾಲ ವಿಜಯಪುರದವಳು, ಸಿದ್ಧೇಶ್ವರ ಗುಡಿಯ ಹಿಂದೆ ಅವಳ ಮನೆ. ಸ್ಟೇಷನ್ ರಸ್ತೆಯ ಒಂದು ಆಫೀಸಿನಲ್ಲಿ ಆನ್‌ಲೈನ್ ಅಂಗಡಿಗಳ ಲೆಕ್ಕ ನೋಡುವ ನೌಕರಿ. ತಿಂಗಳಿಗೊಮ್ಮೆ ಬಂದು ಸಂಘದವರಿಗೆ ಫೋನಿನಲ್ಲಿ ಬ್ಯಾಂಕಿನ ಕೆಲಸ ಕಲಿಸುತ್ತಿದ್ದಳು. ರಾಜೇಶ್ವರಿ ಹೆಮ್ಮೆಯಿಂದ ಫೋನು ತೋರಿಸಿದಳು.

"ನಾಕೂ ಕೂಡಿ ಹದಿನೆಂಟ ಸಾವಿರದ ನಾನೂರ ಆಗೇತ್ರಿ ಅಕ್ಕಾರ."

"ಛಲೋ ಆತು. ಬ್ಯಾಂಕಿಗೆ ಎಷ್ಟ ಬಂದೈತ್ರಿ?"

"ಇಪ್ಪತ್ತೈದಕ್ಕ ಬರತೈತ್ರಿ."

"ಆದರ ಅಂಕಿ ಕೆಳಗ ಸಣ್ಣ ಅಕ್ಷರದಾಗ ಏನ ಬರದಾರ ನೋಡೀರೇನು? ‘ಪರಿಶೀಲನೆಯಲ್ಲಿ’ ಅಂತ ಐತಿ. ಇನ್ನೂ ಖಾತ್ರಿ ಆಗಿಲ್ಲ ಅಂದಂಗ. ಆರ್ಡರ್ ಯಾರ ಫೋನಿನ್ಯಾಗಿಂದ ಹಾಕತೀರಿ?"

"ನನ್ನ ಫೋನಿನ್ಯಾಗಿಂದ್ರಿ. ಮತ್ತ್ಯಾರದರಾಗ?"

ಮೃಣಾಲ ಫೋನು ಕೆಳಗಿಟ್ಟಳು. "ರಾಜೇಶ್ವರಿಯವರ, ಲಿಂಕೂ ನಿಮ್ಮದು, ಕೊಂಡ ಫೋನೂ ನಿಮ್ಮದು. ಸೈಟಿನವರಿಗೆ ಇದು ನಿಮ್ಮ ಲಿಂಕಿನ್ಯಾಗ ನೀವ ಕೊಂಡಂಗ ಕಾಣತೈತಿ. ಹಂಗ ಕೊಂಡರ ಕಮಿಷನ್ ಇಲ್ಲ ಅಂತ ಬಹಳ ಸೈಟಿನ ಷರತ್ತಿನ್ಯಾಗ ಇರತೈತಿ. ನೀವು ಅದನ್ನ ಓದೀರೇನು?"

"ನಾ ಏನ ಕಳವ ಮಾಡೇನೇನ್ರಿ? ಮಂದಿ ಮನೀ ಸೀರಿ ಅವು, ನಾ ಉಟಗೊಂಡಿಲ್ಲ."

"ನೀವು ಕಳವ ಮಾಡಿಲ್ಲ, ಅದು ನನಗ ಗೊತ್ತೈತಿ. ಕಂಪ್ಯೂಟರಿಗೆ ಗೊತ್ತಿಲ್ಲ. ಇವತ್ತ ನಾಕೂ ಸೈಟಿಗೆ ಬರದು ಕೇಳ್ರಿ. ಉತ್ತರ ಬರೂತನಕ ಈ ರೊಕ್ಕ ಯಾರಿಗೂ ಕೊಡತೇನಿ ಅನಬ್ಯಾಡ್ರಿ."

ರಾಜೇಶ್ವರಿಗೆ ಮುಖ ಕೆಂಪಾಯಿತು. ತಿಂಗಳಾದರೆ ಪಗಾರ ಎಣಿಸುವವರಿಗೆ ಮಂದಿಯ ದುಡಿಮೆ ಕಂಡರೆ ಸಂಶಯವೇ ಸಂಶಯ ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಸೈಟಿಗೆ ಬರೆಯಲಿಲ್ಲ. ಷರತ್ತು ಓದಲಿಲ್ಲ.

ಅದೇ ಸಂಜೆ ಪರಸವ್ವ ಬಂದಳು. ಅವಳ ಮಗಳು ಭೌರಮ್ಮನಿಗೆ ವಿಜಯಪುರದ ಒಂದು ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಮೊದಲ ಕಂತು ಒಂಬತ್ತು ಸಾವಿರ. ಇಪ್ಪತ್ತೆಂಟನೆಯ ತಾರೀಖು ಶನಿವಾರ, ಸಂಜೆ ನಾಲ್ಕರೊಳಗೆ ಕಟ್ಟಬೇಕು.

"ನಮ್ಮ ಅಣ್ಣ ಬಸವರಾಜ ಬಬಲೇಶ್ವರದಾಗ ಒಂಬತ್ತ ಸಾವಿರ ತಗದ ಇಟ್ಟಾನ. ಇಸಗೊಳ್ಳಲೇನ ರಾಜೇಶ್ವರಿ? ಅವನ ಹೆಂಡತಿ ಆಡಿಕೊಳ್ಳೂದನ್ನ ನೆನಸಿದರ ಬ್ಯಾಡ ಅನಸತೈತಿ."

"ಯಾಕ ಇಸಗೋತಿ ಪರಸಕ್ಕಾ? ನಿನ್ನ ಪಾಲಿಗೆ ಒಂಬತ್ತ ಸಾವಿರದ ಎರಡನೂರ ಬರತೈತಿ. ನಿನ್ನ ದುಡಿಮಿ ರೊಕ್ಕದಾಗ ಮಗಳನ್ನ ಕಲಸು. ನಾ ಇದ್ದೇನಲ್ಲ."

ಪರಸವ್ವ ಕ್ಯಾಲೆಂಡರಿನ ಅಂಕಿಯ ಮೇಲೆ ಬೆರಳಾಡಿಸಿದಳು. ಅವಳಿಗೆ ಓದಲು ಬಾರದು. ಆದರೂ ಬಹಳ ಹೊತ್ತು ನೋಡಿದಳು. ಮರುದಿನವೇ ಅಣ್ಣನಿಗೆ ಬೇಡವೆಂದು ಹೇಳಿ ಕಳಿಸಿದಳು. ಅವನು ಆ ರೊಕ್ಕ ಹಾಕಿ ಹೊಲಕ್ಕೆ ಪೈಪು ತಂದ.

ಇಪ್ಪತ್ತೈದು, ಬುಧವಾರ. ಬೆಳಿಗ್ಗೆ ಹತ್ತು ಗಂಟೆಗೆ ಸೀರೆಯ ಸೈಟಿನಿಂದ ಸಂದೇಶ ಬಂತು. ‘ಸ್ವಂತ ಖರೀದಿ ಕಂಡುಬಂದಿದೆ. ನಿಮ್ಮ ಕಮಿಷನ್ ರದ್ದಾಗಿದೆ. ನಿಮ್ಮ ಖಾತೆ ಮುಚ್ಚಲಾಗಿದೆ.’ ರಾಜೇಶ್ವರಿ ಮೂರು ಸಲ ಓದಿದಳು. ಆಮೇಲೆ ಫೋನು ಆರಿಸಿ ಮತ್ತೆ ಹಚ್ಚಿದಳು. ಅಕ್ಷರ ಬದಲಾಗಲಿಲ್ಲ.

ಅವಳು ಅಂದೇ ಓಡಿ ಹೋಗಿ ಹೇಳಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಹೇಳಲಿಲ್ಲ. ನಾಚಿಕೆ ಅವಳ ಬಾಯಿ ಕಟ್ಟಿತು. ಉಳಿದ ಮೂರು ಸೈಟಿನಿಂದಾದರೂ ಬಂದೀತು ಎಂದು ಕಾದಳು. ಬುಧವಾರ ಪರಸವ್ವ ಕೇಳಿದಾಗ "ನಾಳಿಗೆ ಬರತೈತಿ" ಎಂದಳು. ಗುರುವಾರ "ಬ್ಯಾಂಕಿನ್ಯಾಗ ತಡಾ ಆಗೇತಿ" ಎಂದಳು. ಶುಕ್ರವಾರ ಪರಸವ್ವ ಬರುವುದನ್ನು ಕಿಟಕಿಯಿಂದ ನೋಡಿ ಹಿತ್ತಿಲಿಗೆ ಹೋಗಿ ನಿಂತಳು.

ಶನಿವಾರ ಮಧ್ಯಾಹ್ನ ಪರಸವ್ವ ಹೊಸ ಸೀರೆ ಉಟ್ಟು, ಮಗಳಿಗೆ ಜಡೆ ಹಾಕಿ, ಕಾಗದಪತ್ರದ ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತಳು. "ನಡಿ ಯವ್ವಾ, ರೊಕ್ಕಾ ಕೊಡು. ಎರಡರ ಬಸ್ಸಿಗೆ ಹೊಂಡತೀವಿ."

ರಾಜೇಶ್ವರಿ ಅಳುತ್ತ ಎಲ್ಲ ಹೇಳಿದಳು.

ಪರಸವ್ವ ಬಯ್ಯಲಿಲ್ಲ. "ಬುಧವಾರ ಗೊತ್ತಿತ್ತೇನ ನಿನಗ?" ಎಂದಷ್ಟೇ ಕೇಳಿದಳು. ರಾಜೇಶ್ವರಿ ತಲೆ ತಗ್ಗಿಸಿದಳು.

ಬಸಗೊಂಡಪ್ಪ ಮನೆಯಲ್ಲಿದ್ದ ನಾಲ್ಕು ಸಾವಿರ ತೆಗೆದ. ಸಂಘದ ಹೆಂಗಸರು ಡಬ್ಬಿ ತಡಕಾಡಿ ಐನೂರು, ಸಾವಿರ ತಂದರು. ಮುಕ್ಕಾಲು ತಾಸಿನಲ್ಲಿ ಒಂಬತ್ತು ಸಾವಿರ ಕೂಡಿತು. ಅಷ್ಟು ಸುಲಭವಾಗಿ ಕೂಡುವ ರೊಕ್ಕವದು. ಮೂರು ದಿನ ಮೊದಲೇ ಹೇಳಿದ್ದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಎರಡರ ಬಸ್ಸು ಹೋಗಿತ್ತು. ಬಸಗೊಂಡಪ್ಪ ತಾಯಿ ಮಗಳನ್ನು ಬೈಕಿನ ಮೇಲೆ ಕೂಡಿಸಿಕೊಂಡು ಹೊರಟ. ಟಿಕೋಟಾದ ಆಚೆ ಗಾಲಿ ಪಂಕ್ಚರ್ ಆಯಿತು. ಕಾಲೇಜು ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಕಿಟಕಿ ಮುಚ್ಚಿತ್ತು. ಒಳಗಿದ್ದವರು, "ಪಟ್ಟಿ ಕಳಿಸೀವ್ರಿ, ನಮ್ಮ ಕೈಯಾಗ ಇಲ್ಲ" ಎಂದರು. ಸೋಮವಾರ ಆ ಸೀಟು ಪಟ್ಟಿಯಲ್ಲಿ ಅವಳ ನಂತರವಿದ್ದ ಹುಡುಗಿಗೆ ಹೋಯಿತು. ಕೂಡಿಸಿದ ರೊಕ್ಕ ಕೊಟ್ಟವರ ಡಬ್ಬಿ ಸೇರಿತು.

ಈಗ ಭೌರಮ್ಮ ಟಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಆರಿಸುತ್ತಾಳೆ. ಹೇಗೂ ಮನೆಯಲ್ಲಿದ್ದಾಳಲ್ಲ ಎಂದು ಸೋದರಮಾವ ವರ ನೋಡುವ ಮಾತು ತೆಗೆದಿದ್ದಾನೆ. ಬರುವ ವರ್ಷ ಮತ್ತೆ ಅರ್ಜಿ ಹಾಕುತ್ತೇನೆಂದು ಆ ಹುಡುಗಿ ಹೇಳುತ್ತಾಳೆ. ಬರುವ ವರ್ಷ ಅವಳ ಮಾತು ಯಾರು ಕೇಳುತ್ತಾರೋ ಗೊತ್ತಿಲ್ಲ.

ಮುಂದಿನ ತಿಂಗಳು ಮೃಣಾಲ ಬಂದಾಗ ಬಸಗೊಂಡಪ್ಪ ಸಿಟ್ಟಿನಿಂದ ಕುದಿಯುತ್ತಿದ್ದ. "ಈ ಫೋನ ಒಯ್ದ ಬಾವ್ಯಾಗ ಒಗೀತೇನ್ರಿ. ಎಲ್ಲಾ ಮೋಸದ ಧಂದೆ."

"ಧಂದೆ ಮೋಸದ್ದಲ್ರಿ ಬಸಗೊಂಡಪ್ಪನವರ. ನಿಮ್ಮ ದ್ರಾಕ್ಷಿ ವ್ಯಾಪಾರದಾಗ ದಲಾಲ ಅಡತಿ ಚೀಟಿ ಕೊಡದ ಬಾಯಿಲೆ ರೇಟ ಹೇಳಿದರ ನಂಬತೀರೇನು?"

"ಹೆಂಗ ನಂಬಲಿ? ಚೀಟಿ ಬೇಕ, ತೂಕ ಬೇಕ, ರೊಕ್ಕಾ ಖಾತೆಕ್ಕ ಬೀಳಬೇಕ."

"ಇದಕ್ಕೂ ಅಷ್ಟ ಬೇಕ್ರಿ. ಚೀಟಿ ಇಡಲಿಲ್ಲ, ಅದ ತಪ್ಪಾತು."

ಬಸಗೊಂಡಪ್ಪ ಎದ್ದು ಹೋಗಿ ತನ್ನ ವ್ಯಾಪಾರದ ಖಾಲಿ ಪುಸ್ತಕವೊಂದನ್ನು ತಂದು ಹೆಂಡತಿಯ ಮುಂದಿಟ್ಟ. ಮೃಣಾಲ ಗೆರೆ ಹಾಕಿಸಿದಳು. ಯಾವ ತಾರೀಖು, ಯಾವ ಸೈಟು, ಕೊಂಡವರು ಯಾರು, ಯಾರ ಫೋನಿನಿಂದ ಕೊಂಡರು, ಯಾರು ಹೇಳಿ ಕೊಂಡರು. ಅದರ ಮುಂದೆ ಸೈಟು ಏನು ಹೇಳಿತು ಎಂಬುದು: ಪರಿಶೀಲನೆಯೋ, ಖಾತ್ರಿಯೋ, ರದ್ದೋ. ಎಲ್ಲಕ್ಕಿಂತ ಕೊನೆಗೆ ಬ್ಯಾಂಕಿಗೆ ಬಂದದ್ದೆಷ್ಟು.

ಮೃಣಾಲ, ರಾಜೇಶ್ವರಿ ಇಬ್ಬರೂ ಕೂತು ಎಂಟು ತಿಂಗಳ ಆರ್ಡರನ್ನು ಒಂದೊಂದಾಗಿ ಬರೆದರು. ಸೀರೆಯ ಎಂಟು ಸಾವಿರದ ಮುನ್ನೂರು ರದ್ದು. ಪಾತ್ರೆಯ ನಾಲ್ಕು ಸಾವಿರದ ಎರಡುನೂರು ರದ್ದು. ಸೋಪು ಪೌಡರಿನದೂ ರದ್ದು. ಬ್ಯಾಗಿನ ಸೈಟಿನಲ್ಲಿ ಮಾತ್ರ, ಟಿಕೋಟಾದ ಕೆಲವು ಶಿಕ್ಷಕಿಯರು ಲಿಂಕ್ ಒತ್ತಿ ತಮ್ಮ ಫೋನಿನಿಂದ ತಾವೇ ಕೊಂಡಿದ್ದರು. ಅದು ಖಾತ್ರಿಯಾಗಿ ಬ್ಯಾಂಕಿಗೂ ಬಂದಿತ್ತು. ಹದಿನೆಂಟು ಸಾವಿರದ ನಾನೂರರಲ್ಲಿ ಕೈಗೆ ಬಂದದ್ದು ಸಾವಿರದ ನೂರೈವತ್ತು.

ರಾಜೇಶ್ವರಿ ಒಂಬತ್ತು ಸಾವಿರ ತೆಗೆದುಕೊಂಡು ಪರಸವ್ವನ ಮನೆಗೆ ಹೋದಳು. ಅದನ್ನು ಅವಳು ಕಿವಿಯ ಬೆಂಡೋಲೆ ಮಾರಿ ತಂದಿದ್ದಳು. "ಇದನ್ನರೆ ಇಟಗೋ ಪರಸಕ್ಕಾ."

"ಪುಸ್ತಕದಾಗ ನನ್ನ ಪಾಲ ಎಷ್ಟ ಐತಿ?"

"ಐನೂರ ಎಪ್ಪತ್ತೈದ."

ಪರಸವ್ವ ಐನೂರ ಎಪ್ಪತ್ತೈದು ಎಣಿಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಉಳಿದದ್ದನ್ನು ತಿರುಗಿ ಕೊಟ್ಟಳು. "ಇಷ್ಟ ನಂದು. ನೀ ಮೊದಲ ಇಷ್ಟ ಹೇಳಿದ್ದರ ಸಾಕಾಗಿತ್ತ." ಖಣದ ಗಂಟು ತಲೆಯ ಮೇಲಿಟ್ಟುಕೊಂಡು ಬಸ್ಸಿಗೆ ಹೊರಟಳು. ರಾಜೇಶ್ವರಿಯ ಮನೆಯ ಮುಂದೆ ಅವಳು ಈಗಲೂ ಹಾದು ಹೋಗುತ್ತಾಳೆ, ಆದರೆ ಒಳಗೆ ಬರುವುದಿಲ್ಲ.

ಅಕ್ಕಂದಿರೇ, ತಂಗಿಯರೇ, ನಿಮ್ಮಲ್ಲೂ ಯಾರಾದರೂ ಲಿಂಕ್ ಕಳಿಸಿ ದುಡಿಯುತ್ತಿರಬಹುದು. ದುಡಿಯಿರಿ, ಹೆದರಬೇಡಿ. ಆದರೆ ಸೈಟಿನ ಷರತ್ತನ್ನು ಓದಿ, ಓದಲು ಬಾರದಿದ್ದರೆ ಓದಿಸಿ. ಕೊಳ್ಳುವವರು ತಮ್ಮ ಫೋನಿನಿಂದಲೇ ಕೊಳ್ಳಲಿ. ನೀವು ಪಕ್ಕದಲ್ಲಿ ಕೂತು ಕಲಿಸಿ, ಒತ್ತುವ ಬೆರಳು ಅವರದಿರಲಿ. ಎಷ್ಟು ಸೈಟಿದ್ದರೂ ಲೆಕ್ಕದ ಪುಸ್ತಕ ಒಂದೇ ಇರಲಿ. ನಿಂತ ಕಮಿಷನ್ ಬಿಡಿಸಿಕೊಡುತ್ತೇವೆ, ಮೊದಲು ರೊಕ್ಕ ಹಾಕಿ ಎಂದು ಯಾರಾದರೂ ಫೋನು ಮಾಡಿದರೆ ಹಾಕಬೇಡಿ, ಓಟಿಪಿ ಹೇಳಬೇಡಿ. ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಿ. ಲೆಕ್ಕ ತಪ್ಪಿದ್ದು ಗೊತ್ತಾದ ದಿನವೇ ಪಾಲುದಾರರಿಗೆ ಹೇಳಿ. ನಾಚಿಕೆ ಒಂದು ದಿನದ್ದು.

ಈ ಹಾಳೆ ಓದಿ ಮುಗಿಸಿದ ಕೂಡಲೇ ನಿಮ್ಮ ಫೋನು ತೆರೆಯಿರಿ. ಆ ದೊಡ್ಡ ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ನೋಡಿ. ಅದನ್ನು ನಂಬಿ ನಿಮ್ಮ ಓಣಿಯಲ್ಲಿ ಯಾರ ಮಗಳು ಕಾಗದಪತ್ರ ಜೋಡಿಸಿಟ್ಟುಕೊಂಡಿದ್ದಾಳೋ, ಇವತ್ತೇ ಅವಳ ಮನೆಗೆ ಹೋಗಿ ನಿಜ ಹೇಳಿ.