ಹೇಳಿ ಮುರಿದ ಬೀಮು

ಬೀಮು ಒಡೆಯುವ ದಿನ ಸಿವಿಲ್ ವಿಭಾಗದಲ್ಲಿ ಯಾರೂ ಚಕ್ಕರ್ ಹೊಡೆಯುವುದಿಲ್ಲ. ವರ್ಷವಿಡೀ ಕೊನೆಯ ಬೆಂಚಿನಲ್ಲಿ ತೂಕಡಿಸುವವರೂ ಅಂದು ಹೆಲ್ಮೆಟ್ ಹಾಕಿಕೊಂಡು ಮುಂದಿನ ಸಾಲಿಗೆ ನುಗ್ಗುತ್ತಾರೆ. ತಾವೇ ಜಲ್ಲಿ ಮರಳು ಕಲಸಿ, ತಾವೇ ಕಂಬಿ ಕಟ್ಟಿ, ವಾರಗಟ್ಟಲೆ ಒದ್ದೆ ಗೋಣಿ ಹೊದಿಸಿ ಎಳೆಮಗುವಿನಂತೆ ಸಾಕಿದ ಕಾಂಕ್ರೀಟ್ ಬೀಮನ್ನು ಯಂತ್ರದ ಬಾಯಿಗೆ ಕೊಟ್ಟು, ಅದು ಮುರಿಯುವುದನ್ನು ಕಣ್ತುಂಬ ನೋಡುವುದರಲ್ಲಿ ಏನು ಸುಖವೋ, ಅದು ಸಿವಿಲ್ ಓದುವವರಿಗೇ ಗೊತ್ತು. ಹೊರಗಿನವರಿಗೆ ಹೇಳಿದರೆ ತಲೆ ನೆಟ್ಟಗಿದೆಯೇ ಎಂದು ಕೇಳುತ್ತಾರೆ.

ಅಂದು ಸೂಜಿ ಮಾತ್ರ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಸೂಜಿ ಎನ್ನುವುದು ತಂಡದವರು ಇಟ್ಟ ಹೆಸರು. ಆಳು ಸಣ್ಣ, ಮಾತು ಚುರುಕು. ಕಂಬಿಗಳ ನಡುವೆ ಬೇರೆ ಯಾರ ಕೈಯೂ ಹೋಗದ ಸಂದಿಯಲ್ಲಿ ಅವಳ ಬೆರಳು ಸಲೀಸಾಗಿ ಹೋಗಿಬರುತ್ತಿತ್ತು. ತಂಡದ ನಾಲ್ವರ ಪೈಕಿ ಬೀಮಿಗೆ ಎಷ್ಟು ಕಂಬಿ ಸಾಕೆಂದು ಲೆಕ್ಕ ಹಾಕಿದವಳು ಅವಳೇ, ತಂತಿ ಸುತ್ತಿ ಬಿಗಿದು ಕಟ್ಟಿದವಳೂ ಅವಳೇ. ಇಷ್ಟೆಲ್ಲ ಮಾಡಿದವಳು ಆ ತರಗತಿಯ ವಿದ್ಯಾರ್ಥಿನಿಯೇ ಅಲ್ಲವೆಂಬುದು ಇಡೀ ಲ್ಯಾಬಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಆದದ್ದಿಷ್ಟು. ಮೊದಲ ವರ್ಷದ ಮೆಕ್ಯಾನಿಕ್ಸ್ ಪರೀಕ್ಷೆಯ ಬೆಳಿಗ್ಗೆ ಅವಳಿಗೆ ಮೈ ಕೆಂಡದಂತೆ ಸುಡುತ್ತಿತ್ತು. ಅಕ್ಕ ಆಗಲೇ ಕೆಲಸಕ್ಕೆ ಹೋಗಿದ್ದಳು. ಜ್ವರಕ್ಕೆಲ್ಲ ಹೆದರಿದರೆ ಇಂಜಿನಿಯರ್ ಆದಹಾಗೇ ಎಂದುಕೊಂಡು, ಎರಡು ಮಾತ್ರೆ ನುಂಗಿ ಹೋಗಿ ಕುಳಿತಳು. ಪ್ರಶ್ನೆಪತ್ರಿಕೆಯ ಅಕ್ಷರಗಳು ಇರುವೆಗಳಂತೆ ಹರಿದಾಡಿದವು. ಫೇಲಾದಳು. ಮೆಕ್ಯಾನಿಕ್ಸ್ ಪಾಸಾಗದೆ ಎರಡನೆಯ ವರ್ಷದ ಕಾಂಕ್ರೀಟ್ ವಿಷಯಕ್ಕೆ ಹೆಸರು ನೋಂದಾಯಿಸಲು ಬರುವುದಿಲ್ಲ. ಕಂಪ್ಯೂಟರ್ ಅದನ್ನು ಕೆಂಪಕ್ಷರದಲ್ಲಿ ತಿಳಿಸಿ ಸುಮ್ಮನಾಯಿತು. ನೆಲಮಹಡಿಯಲ್ಲಿ ವಿದ್ಯಾರ್ಥಿ ಸಲಹಾ ಕಚೇರಿ ಇತ್ತು. ಹೋಗಿ ಒಂದು ಮಾತು ಕೇಳಬಹುದಿತ್ತು. ಆದರೆ ಆ ಬಾಗಿಲು ದಾಟಿದವರ ಹೆಸರನ್ನು ಕಾಲೇಜಿನಿಂದಲೇ ಹೊಡೆದುಹಾಕುತ್ತಾರೆ ಎಂದು ಕ್ಯಾಂಟೀನಿನ ಮಹಾಜ್ಞಾನಿಯೊಬ್ಬ ಹೇಳಿದ್ದ, ಸೂಜಿ ನಂಬಿದ್ದಳು. ಇಂಥ ಮಹಾಜ್ಞಾನಿ ಇಲ್ಲದ ಕಾಲೇಜನ್ನು ಈ ಭೂಮಿಯ ಮೇಲೆ ಇನ್ನೂ ಯಾರೂ ಕಟ್ಟಿಲ್ಲ.

ಹಾಗಾಗಿ ಅವಳು ಏನೂ ಆಗಿಲ್ಲವೆಂಬಂತೆ ತರಗತಿಗೆ ಬಂದು ಕುಳಿತಳು. ಲ್ಯಾಬಿನಲ್ಲಿ ಹಾಜರಿ ಕರೆಯುವುದು ತಂಡದ ಲೆಕ್ಕದಲ್ಲಿ. “ನಾಲ್ಕನೇ ತಂಡ?” ಎಂದರೆ “ಎಲ್ಲ ಇದೀವಿ ಸಾರ್” ಎಂದು ಉದ್ದಪ್ಪ ಕೂಗುತ್ತಿದ್ದ. ಉದ್ದಪ್ಪನೆಂದರೆ ಅವರ ತಂಡದ ಹುಡುಗ, ಬಾಗಿಲಿಗೆ ಬಗ್ಗಿ ಬರುವವನು. ಆ ‘ಎಲ್ಲ’ದೊಳಗೆ ಸೂಜಿಯೂ ಸೇರಿಹೋದಳು. ಮೆಕ್ಯಾನಿಕ್ಸನ್ನು ಹೇಗೋ ಆಮೇಲೆ ಮುಗಿಸಿದರಾಯಿತು, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದುಕೊಂಡಳು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಕೂಡ ಇಷ್ಟು ಧೈರ್ಯವಾಗಿ ಕುಡಿದಿರಲಾರದು.

ಧೈರ್ಯವೆಲ್ಲ ಕಾಲೇಜಿನಲ್ಲಿ ಮಾತ್ರ. ಸಂಜೆಯಾದರೆ ಎದೆ ಭಾರವಾಗುತ್ತಿತ್ತು. ಅಪ್ಪ ಅಮ್ಮ ಹೋದಮೇಲೆ ಅವಳಿಗೆ ಅಕ್ಕನೇ ಎರಡೂ ಆಗಿದ್ದಳು. ಅಕ್ಕ ಸಿಟಿ ಬಸ್ಸಿನ ಡ್ರೈವರ್. ಕಾಲೇಜಿನ ಮುಂದೆ ಹಾಯುವ ಬಸ್ಸೇ ಅವಳದು. ದಿನಾ ಬರುವ ಪ್ರಯಾಣಿಕರಿಗೆಲ್ಲ “ನನ್ ತಂಗಿ ಸೇತುವೆ ಕಟ್ತಾಳೆ” ಎಂದು ಹೇಳಿ ಮುಗಿಸಿದ್ದಳು. ತಂಗಿ ಬಸ್ಸು ಹತ್ತಿದ ಕೂಡಲೇ “ಇವತ್ತು ಏನು ಕಲಿಸಿದ್ರೇ?” ಎಂದು ಕನ್ನಡಿಯಲ್ಲಿ ನೋಡುತ್ತ ಕೇಳುತ್ತಿದ್ದಳು. ಸೂಜಿ ಕಲಿತದ್ದನ್ನು ಹೇಳುತ್ತಿದ್ದಳು. ಒಂದೊಂದು ಮಾತೂ ನಿಜವೇ, ಆದರೂ ಎಲ್ಲ ಸೇರಿ ಸುಳ್ಳಾಗಿತ್ತು.

ಈಗ ಬೀಮು ಒಡೆಯುವ ದಿನ ಬಂದು ಕುತ್ತಿಗೆಯ ಮೇಲೆ ಕೂತಿತ್ತು. ಆ ಲ್ಯಾಬಿನಲ್ಲಿ ಹಳೆಯದೊಂದು ಪದ್ಧತಿ. ಕಂಬಿ ಕಟ್ಟಿದವರು ಬೀಮಿನ ಪಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಹೆಸರು ಬರೆಯಬೇಕು. ಯಂತ್ರ ಒತ್ತುವ ಮೊದಲು, ಅದು ಹೇಗೆ ಮುರಿಯುತ್ತದೆಂದು ಎಲ್ಲರೆದುರು ಹೇಳಬೇಕು. ಆ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ದೊಡ್ಡ ಮೇಷ್ಟ್ರು ಅಂಕ ಹಾಕುತ್ತಿದ್ದರು. ಹೆಸರೇ ಇಲ್ಲದವಳು ಏನು ಬರೆದಾಳು?

“ನಿನ್ ಹೆಸರು ಬರೆದುಬಿಡೋ” ಎಂದು ಅವಳು ಬೆಳಿಗ್ಗೆಯೇ ಉದ್ದಪ್ಪನ ಕೈಗೆ ಸೀಮೆಸುಣ್ಣ ತುರುಕಿದ್ದಳು.

“ಕಟ್ಟಿದ್ದು ನೀನು, ಹೆಸರು ನಂದಾ? ಮಾನ ಮರ್ಯಾದೆ ಇಲ್ವಾ ನಂಗೆ?”

“ಇದ್ರೆ ಆಮೇಲೆ ನೋಡ್ಕೊಳೋಣ. ಈಗ ಬರಿ.”

ಬರೆದ. ಪಾಪ, ಕಳ್ಳತನ ಮಾಡಿದವನಂತೆ ಅಕ್ಷರಗಳನ್ನು ಸಣ್ಣಗೆ ಬರೆದ.

ಮೊದಲು ಯಂತ್ರಕ್ಕೆ ಹೋದದ್ದು ಗಟ್ಟಿಗನ ಬೀಮು. ಗಟ್ಟಿಗ ಎದುರಾಳಿ ತಂಡದ ನಾಯಕ. ಇಷ್ಟು ಸಾಕೇ ಎಂಬ ಅನುಮಾನ ಬಂದರೆ ಇನ್ನೊಂದಿಷ್ಟು ಹಾಕು ಎನ್ನುವ ಜಾತಿ. ಲೆಕ್ಕ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಕಂಬಿ ತುಂಬಿದ್ದ. ಕಬ್ಬಿಣ ಹೆಚ್ಚಿದಷ್ಟೂ ಬೀಮು ಭದ್ರ ಎನ್ನುವುದು ಎರಡನೆಯ ವರ್ಷದ ಸಿವಿಲ್ ವಿದ್ಯಾರ್ಥಿಗಳಿಗೆ ಮಾತ್ರ ಬರುವ ಒಂದು ಕಾಯಿಲೆ. “ಇದು ಮುರಿಯೋದೇ ಇಲ್ಲ ಸಾರ್” ಎಂದು ಅವನು ಎದೆಯುಬ್ಬಿಸಿ ಹೇಳಿದ.

ಚಾವಣಿ ಮುಟ್ಟುವ ಆ ಹಳದಿ ಯಂತ್ರ ಗುಂಯ್ ಎಂದಿತು. ಪರದೆಯ ಮೇಲೆ ಭಾರದ ಅಂಕಿ ಏರುತ್ತ ಹೋಯಿತು. ಬೀಮು ಮಿಸುಕಲಿಲ್ಲ. ಒಂದು ಬಿರುಕಾದರೂ ಕಂಡರೆ ಕೇಳಿ. ಹಿಂದಿನ ವರ್ಷದವರ ಅಂಕಿಯನ್ನು ದಾಟಿದಾಗ ಹುಡುಗರು ಸಿಳ್ಳೆ ಹಾಕಿದರು, ಗಟ್ಟಿಗ ಮೀಸೆ ಇಲ್ಲದ ಜಾಗವನ್ನೇ ತಿರುವಿದ. ಆಗ ಢಮ್ಮೆಂದಿತು. ಯಾರಿಗೂ ಕಣ್ಣು ಮಿಟುಕಿಸಲು ಸಮಯವಿರಲಿಲ್ಲ. ಬೀಮಿನ ಮೇಲ್ಭಾಗ ಪುಡಿಪುಡಿಯಾಗಿ ಸಿಡಿಯಿತು, ಚೂರುಗಳು ಯಂತ್ರದ ಸುತ್ತ ಕಟ್ಟಿದ ಕಬ್ಬಿಣದ ಬಲೆಗೆ ಬಡಿದವು, ಧೂಳು ಹಾರಿತು. ಸಿಳ್ಳೆ ಹಾಕುತ್ತಿದ್ದವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

ಮೇಷ್ಟ್ರು ಗಟ್ಟಿಗನನ್ನು ಬಯ್ಯಲಿಲ್ಲ. ಧೂಳು ಇಳಿಯುವವರೆಗೆ ಕಾದು, “ಮುಂದಿನದು” ಎಂದರು.

ನಾಲ್ಕನೇ ತಂಡದ ಬೀಮನ್ನು ಏರಿಸಿದರು. “ಹೇಗೆ ಮುರಿಯುತ್ತಪ್ಪ?” ಎಂದು ಮೇಷ್ಟ್ರು ಕೇಳಿದರು. ಉದ್ದಪ್ಪ ಯಂತ್ರ ನೋಡಿದ, ನೆಲ ನೋಡಿದ, ಕೊನೆಗೆ ಗೋಡೆಯ ಬಳಿ ನಿಂತ ಸೂಜಿಯನ್ನು ನೋಡಿದ. ಅವಳ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ.

“ಮೊದಲು ಕೆಳಗಡೆ ನಡುವಲ್ಲಿ ಸಣ್ಣ ಬಿರುಕು ಬರ್ತವೆ ಸಾರ್. ಆಮೇಲೆ ಕಂಬಿ ಎಳ್ಕೊಳ್ಳುತ್ತೆ, ಬೀಮು ಬಾಗುತ್ತೆ. ತುಂಬಾ ಹೊತ್ತು ಬಾಗುತ್ತೆ. ಕೊನೇಲಿ ಮೇಲ್ಗಡೆ ಪುಡಿಯಾಗುತ್ತೆ.”

ಯಂತ್ರ ಶುರುವಾಯಿತು. ಬೀಮಿನ ಹೊಟ್ಟೆಯ ಮೇಲೆ ಕೂದಲೆಳೆಯಂಥ ಗೆರೆಯೊಂದು ಮೂಡಿತು. ಪಕ್ಕದಲ್ಲಿ ಇನ್ನೊಂದು. ಯಾರೋ ಒಳಗೆ ಕುಳಿತು ಪೆನ್ಸಿಲಿನಲ್ಲಿ ನಿಧಾನವಾಗಿ ಗೀಚುತ್ತಿರುವ ಹಾಗೆ ಗೆರೆಗಳು ಮೇಲಕ್ಕೆ ಹತ್ತಿದವು. ಚಟ್, ಚಟ್ ಎಂದು ಸಣ್ಣ ಸದ್ದು. ಆಮೇಲೆ ಅದು ಬಾಗತೊಡಗಿತು. ಕಲ್ಲಿನಂಥ ಕಾಂಕ್ರೀಟು, ಸೂಜಿಯೇ ಸಲಿಕೆಯಲ್ಲಿ ಕಲಸಿದ ಕಾಂಕ್ರೀಟು, ಹೊರೆ ಹೊತ್ತ ಮನುಷ್ಯನ ಬೆನ್ನಿನಂತೆ ಬಾಗಿತು. ಬಿರುಕುಗಳು ಬಾಯಿ ಬಿಟ್ಟವು, ಆದರೂ ಬೀಮು ಭಾರ ಬಿಡಲಿಲ್ಲ. ಅಂಕಿ ಗಟ್ಟಿಗನದಕ್ಕಿಂತ ಎಷ್ಟೋ ಕೆಳಗೆ ನಿಂತಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ. ಸೂಜಿಯ ಮೈ ಜುಮ್ಮೆಂದಿತು. ಕಾಗದದ ಮೇಲೆ ತಾನು ಬರೆದ ನಾಲ್ಕು ಸಾಲಿನ ಲೆಕ್ಕವನ್ನು ಇಷ್ಟು ದೊಡ್ಡ ಜಡವಸ್ತು ಕೇಳಿಸಿಕೊಂಡು, ಹೇಳಿದಂತೆಯೇ ನಡೆದುಕೊಳ್ಳುತ್ತಿದೆಯಲ್ಲ ಎಂದು ಅವಳಿಗೆ ಭಯವೂ ಆಯಿತು, ಕೈಮುಗಿಯಬೇಕು ಎಂದೂ ಅನ್ನಿಸಿತು.

ಮೇಷ್ಟ್ರ ಧ್ವನಿ ತಗ್ಗಿತ್ತು. “ನೋಡ್ಕೊಳ್ಳಿ. ಮುರಿಯೋದು ತಪ್ಪಲ್ಲ. ಎಲ್ಲಾ ಬೀಮೂ ಒಂದು ಭಾರಕ್ಕೆ ಮುರಿದೇ ಮುರಿಯುತ್ತೆ. ಹೇಳದೇ ಮುರಿಯೋದು ತಪ್ಪು. ಯಾಕಂದ್ರೆ ಮೇಲೆ ಜನ ನಿಂತಿರ್ತಾರೆ. ಅವರಿಗೆ ಗೊತ್ತಾಗ್ಬೇಕು, ಈಚೆ ಬರೋಕೆ ಟೈಮು ಸಿಗ್ಬೇಕು.”

ಮೇಲೆ ಜನ ನಿಂತಿರುತ್ತಾರೆ. ಸೂಜಿಗೆ ಅಕ್ಕ ಕಣ್ಮುಂದೆ ಬಂದಳು. ಬಸ್ಸು ತುಂಬ ಜನರಿಗೆ ಸೇತುವೆಯ ಮಾತು ಹೇಳಿಕೊಂಡು, ಏನೂ ತಿಳಿಯದೆ, ತನ್ನ ಮೇಲೆ ನಿಶ್ಚಿಂತೆಯಾಗಿ ನಿಂತಿದ್ದಾಳೆ. ತಾನೋ, ಗಟ್ಟಿಗನ ಬೀಮಿನ ಹಾಗೆ ಒಂದು ಬಿರುಕನ್ನೂ ತೋರಿಸದೆ ಬಿಗಿದುಕೊಂಡಿದ್ದೇನೆ.

ಬೀಮಿನ ಮೇಲ್ಭಾಗ ಅವಳು ಹೇಳಿದಂತೆಯೇ ಪುಡಿಯಾಗಿ ಯಂತ್ರ ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸೂಜಿ ಮುಂದೆ ಬಂದಳು.

“ಸಾರ್, ಈ ಬೀಮು ಕಟ್ಟಿದ್ದು ನಾನು. ನನ್ನ ಹೆಸರು ನಿಮ್ಮ ಪಟ್ಟೀಲಿಲ್ಲ. ನಾನು ಮೆಕ್ಯಾನಿಕ್ಸ್ ಪಾಸಾಗಿಲ್ಲ. ಈ ವಿಷಯಕ್ಕೆ ರಿಜಿಸ್ಟರೇ ಆಗಿಲ್ಲ.”

ಉದ್ದಪ್ಪನ ಬಾಯಿಂದ “ಅಯ್ಯೋ” ಎಂಬುದಷ್ಟೇ ಬಂತು. ಮೇಷ್ಟ್ರು ಕನ್ನಡಕ ತೆಗೆದು ಅವಳನ್ನು ನೋಡಿದರು.

“ಅಂಕ ಕೊಡೋಕೆ ನನ್ನ ಕೈಲಿ ಆಗಲ್ಲ” ಎಂದರು. “ಬೇರೇನು ಆಗುತ್ತೋ ಅದು ಕೆಳಗಿನ ಸಲಹಾ ಕಚೇರಿಯವರಿಗೆ ಗೊತ್ತು. ನಾಳೆ ಅನ್ಬೇಡ, ಈಗ್ಲೇ ಹೋಗು. ನಾನು ಫೋನ್ ಮಾಡಿರ್ತೀನಿ.”

ಸೂಜಿ ಮೆಟ್ಟಿಲಿಳಿದಳು. ಒಳಗೆ ಯಾವ ಯಮಧರ್ಮ ಕುಳಿತಿದ್ದಾನೋ ಎಂದು ಬಾಗಿಲು ತಳ್ಳಿದರೆ, ನಡುವಯಸ್ಸಿನ ಹೆಂಗಸೊಬ್ಬರು ತಲೆಯ ಮೇಲೆ ಕನ್ನಡಕ ಇಟ್ಟುಕೊಂಡು ಮೇಜಿನ ತುಂಬ ಕನ್ನಡಕ ಹುಡುಕುತ್ತಿದ್ದರು. ಅವರೇ ಸಲಹೆಗಾರ್ತಿ. ಸೂಜಿ ಬೆರಳು ಮಾಡಿ ತೋರಿಸಿದಳು. “ಓ, ದೇವರು ನಿನ್ನನ್ನು ಚೆನ್ನಾಗಿಟ್ಟಿರ್ಲಿ” ಎಂದು ಕನ್ನಡಕ ಇಳಿಸಿಕೊಂಡು, “ಕೂತ್ಕೋ. ನೀನೇನಾ ಬೀಮಿನ ಹುಡುಗಿ?” ಎಂದರು.

ಅವಳು ಎಲ್ಲವನ್ನೂ ಹೇಳಿದಳು. ಮೇಡಂ ನಡುವೆ ಬಾಯಿ ಹಾಕಲಿಲ್ಲ. ಜ್ವರದ ಮಾತು ಬಂದಾಗ ಮಾತ್ರ ಹಣೆ ಹಣೆ ಚಚ್ಚಿಕೊಂಡರು.

“ಜ್ವರ ಇಟ್ಕೊಂಡು ಪರೀಕ್ಷೆಗೆ ಕೂತ್ಯಾ? ನಮ್ಮಲ್ಲಿ ಪರೀಕ್ಷೆಗೆ ಕೂತ್ರೆ ಹುಷಾರಾಗಿದೀನಿ ಅಂತ ಒಪ್ಕೊಂಡ ಹಾಗೆ ಕಣಮ್ಮ. ಬೆಳಿಗ್ಗೇನೇ ಇಲ್ಲಿಗೊಂದು ಫೋನ್ ಮಾಡಿ, ಡಾಕ್ಟರ ಚೀಟಿ ತಂದುಕೊಟ್ಟಿದ್ರೆ ಇನ್ನೊಂದ್ಸಲ ಬರೆಯೋಕೆ ಬಿಡ್ತಿದ್ರು, ಫೇಲೇ ಆಗ್ತಿರ್ಲಿಲ್ಲ. ವರ್ಷ ವರ್ಷ ಇದೇ ಗೋಳು. ಇಂಜಿನಿಯರುಗಳು ನೀವು, ಮೈ ಸುಟ್ರೂ ಲೆಕ್ಕ ಬಿಡಲ್ಲ.”

“ನನ್ನ ಹೆಸರು ಹೊಡೆದುಹಾಕ್ತೀರಾ ಮೇಡಂ?”

“ಯಾರು ಹೇಳಿದ್ದು? ಕ್ಯಾಂಟೀನಾ?” ಎಂದು ಅವರು ಫೋನ್ ಎತ್ತಿಕೊಂಡರು.

ಆಮೇಲೆ ನಡೆದದ್ದನ್ನು ಸೂಜಿ ಕಣ್ಣು ಬಿಟ್ಟುಕೊಂಡು ನೋಡಿದಳು. ಮೇಡಂ ಪರೀಕ್ಷಾ ವಿಭಾಗಕ್ಕೆ ಫೋನ್ ಮಾಡಿದರು: ಮೆಕ್ಯಾನಿಕ್ಸಿಗೆ ಇನ್ನೂ ಒಂದು ಅವಕಾಶ ಉಳಿದಿದೆಯೇ? ಉಳಿದಿತ್ತು. ವಿಭಾಗದ ಮುಖ್ಯಸ್ಥರ ಜೊತೆ ಮಾತಾಡಿದರು: ಹುಡುಗಿಯ ಸೀಟಿಗೆ ತೊಂದರೆಯಿಲ್ಲವಷ್ಟೇ? ಇರಲಿಲ್ಲ. ಮೆಕ್ಯಾನಿಕ್ಸ್ ಹೇಳಿಕೊಡುವ ಹಿರಿಯ ವಿದ್ಯಾರ್ಥಿನಿಯ ಜೊತೆ ಮಾತಾಡಿದರು: ಸಂಜೆಯ ಗುಂಪಿನಲ್ಲಿ ಇನ್ನೊಬ್ಬಳಿಗೆ ಜಾಗ ಮಾಡುತ್ತೀಯಾ? ಮಾಡುತ್ತೇನೆ ಎಂದಳು. ಎಲ್ಲರೂ ಹಾಲು ತರಲು ಹೇಳಿದಷ್ಟೇ ಸಹಜವಾಗಿ ಮಾತಾಡುತ್ತಿದ್ದರು. ಇಷ್ಟು ದಿನ ಅವಳು ಹೆದರಿ ಸುತ್ತುಬಳಸಿ ಓಡಾಡುತ್ತಿದ್ದ ಆ ಕಟ್ಟಡದ ಮಹಡಿ ಮಹಡಿಯಲ್ಲೂ ಯಾರೋ ಕೈಯ ಕೆಲಸ ಬದಿಗಿಟ್ಟು ತನ್ನ ವಿಷಯ ಕೇಳಿಸಿಕೊಳ್ಳುತ್ತಿದ್ದಾರೆ! ಬೀಮು ಬಾಗಿದಾಗ ಆಗಿದ್ದಂತೆಯೇ ಅವಳ ಮೈ ಮತ್ತೆ ಜುಮ್ಮೆಂದಿತು. ತಾನು ಬಾಯಿ ಬಿಟ್ಟದ್ದಷ್ಟೇ. ಇಷ್ಟೊಂದು ಕೈಗಳು ಮೊದಲಿನಿಂದಲೂ ಇಲ್ಲೇ ಇದ್ದವಲ್ಲ ಎಂದು ಅವಳಿಗೆ ಅಳು ಬಂತು.

ಮೇಡಂ ಫೋನ್ ಇಟ್ಟರು. “ಸೀಟು ಭದ್ರ. ಮುಂದಿನ ಅವಧೀಲಿ ಮೆಕ್ಯಾನಿಕ್ಸ್ ಬರಿ. ಆದ್ರೆ ಈ ವರ್ಷದ ಕಾಂಕ್ರೀಟ್ ಲೆಕ್ಕಕ್ಕೆ ಬರಲ್ಲಮ್ಮ, ಅದಕ್ಕೆ ನಾನೇನೂ ಮಾಡೋಕಾಗಲ್ಲ. ಬರೋ ವರ್ಷ ಮೊದಲಿಂದ ಬರ್ಬೇಕು. ಒಂದು ವರ್ಷ ಹಿಂದೆ ಬೀಳ್ತೀಯ.” ಸ್ವಲ್ಪ ತಡೆದು, “ಮನೇಲಿ ಯಾರಿಗೆ ಗೊತ್ತು?” ಎಂದು ಕೇಳಿದರು.

“ಯಾರಿಗೂ ಇಲ್ಲ.”

“ನಾವು ಯಾರಿಗೂ ಹೇಳಲ್ಲ. ಅದು ನೀನು ಆಡ್ಬೇಕಾದ ಮಾತು.”

ಸಂಜೆ ಬಸ್ಸು ಹತ್ತುತ್ತಿದ್ದಂತೆ ಅಕ್ಕ ಕನ್ನಡಿಯಲ್ಲಿ ಹಲ್ಲು ಬಿಟ್ಟಳು. “ಏನೇ ಪುಟ್ಟಿ, ಮುರೀತಾ ನಿನ್ ಬೀಮು?”

“ಮುರೀತು ಅಕ್ಕ. ಚೆನ್ನಾಗಿ ಮುರೀತು.”

“ಕೇಳಿದ್ರಾ?” ಎಂದು ಅಕ್ಕ ಮುಂದಿನ ಸೀಟಿನ ಮುದುಕ ದರ್ಜಿಗೆ ಹೇಳಿದಳು. “ಮುರಿದಿದ್ದಕ್ಕೆ ಖುಷಿ ಪಡೋ ಕಾಲೇಜು ಇದು!”

ಉಳಿದದ್ದು ಸ್ಟೀರಿಂಗ್ ಹಿಡಿದವಳಿಗೆ ಹೇಳುವ ಮಾತಲ್ಲ. ಸೂಜಿ ಕೊನೆಯ ನಿಲ್ದಾಣದವರೆಗೆ ಕಾದಳು. ದರ್ಜಿ ಇಳಿದ, ಎಲ್ಲರೂ ಇಳಿದರು, ಅಕ್ಕ ಎಂಜಿನ್ ಆರಿಸಿದಳು. ಖಾಲಿ ಬಸ್ಸಿನಲ್ಲಿ ಸೂಜಿ ಅವಳ ಪಕ್ಕ ಕಂಬಿ ಹಿಡಿದು ನಿಂತು ಹೇಳಿದಳು. ಜ್ವರ, ಫೇಲು, ಕೆಂಪಕ್ಷರ, ಪಟ್ಟಿಯಲ್ಲಿಲ್ಲದ ಹೆಸರು, ಒಂದು ವರ್ಷ ಹಿಂದೆ ಬೀಳುವುದು, ಒಂದನ್ನೂ ಬಿಡಲಿಲ್ಲ.

ಅಕ್ಕ ಸೀಟಿನಲ್ಲೇ ಅವಳ ಕಡೆ ತಿರುಗಿದಳು.

“ಬೇಜಾರು ಫೇಲಾಗಿದ್ದಕ್ಕಲ್ಲ ಕಣೇ” ಎಂದಳು. “ದಿನಾ ನನ್ ಬೆನ್ನ ಹಿಂದೇನೇ ಕೂತಿರ್ತಿದ್ದೆ. ಇಷ್ಟು ಭಾರ ಹೊತ್ಕೊಂಡು ಕೂತಿದ್ದೆ. ನಾನು ಕನ್ನಡಿ ನೋಡ್ಕೊಂಡು ನಗ್ತಾ ಇದ್ದೆ. ಒಂದು ಮಾತು ಹೇಳ್ಬಾರ್ದಿತ್ತಾ? ನಾನು ನಿಂಗೆ ಅಷ್ಟೂ ಆಗ್ಲಿಲ್ವಾ?”

ಸೂಜಿ ಅಕ್ಕನ ಭುಜಕ್ಕೆ ಮುಖ ಒತ್ತಿ ಅತ್ತಳು. ಅಕ್ಕ ಕೂಡ ಅತ್ತಳು, ಬಯ್ಯುತ್ತಲೇ ಅತ್ತಳು. ಆಮೇಲೆ ಸಮವಸ್ತ್ರದ ತೋಳಿನಿಂದಲೇ ಇಬ್ಬರ ಮೂಗನ್ನೂ ಒರೆಸಿದಳು.

“ಹಾಗಾದ್ರೆ ಬರೋ ವರ್ಷ ಇನ್ನೊಂದು ಬೀಮು ಕಟ್ಟಬೇಕಾ?”

“ಹೂಂ. ಮೊದಲಿಂದ.”

“ಒಡೆಯೋ ದಿನ ಹೊರಗಿನವರನ್ನ ಒಳಗೆ ಬಿಡ್ತಾರಾ?”

“ಕೇಳ್ತೀನಿ ಅಕ್ಕ. ಕೇಳಿದ್ರೆ ಬಿಡ್ತಾರೆ ಅನ್ಸುತ್ತೆ.”

“ಕೇಳು” ಎಂದು ಅಕ್ಕ ಬೀಗದ ಕೈ ತೆಗೆದುಕೊಂಡಳು. “ನಾನು ರಜೆ ಹಾಕಿ ಬರ್ತೀನಿ. ನಿನ್ ಹೆಸರು ಬರೆದಿರೋದನ್ನ ನಾನು ನೋಡ್ಬೇಕು.”